ಟಿ-ರೆಕ್ಸ್ ಮುಖಕ್ಕೆ ನಮ್ಮ ಪೇಟೆಯಲ್ಲಿ ಬೆಲೆ ಇಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಾಣಿಜ್ಯ ಪುಟದಲ್ಲಿ ಡೈನೊಸಾರ್ ಚಿತ್ರದ ಬೆಳ್ಳಿ ಬಿಲ್ಲೆಗಳ ಬಗ್ಗೆ ಬರೆದಿದ್ದೀರಿ. ಅಮೆರಿಕದಲ್ಲಿರುವ ನಮ್ಮವರು ಇವನ್ನು ಕೊಂಡು ಊರಿಗೆ ತರುತ್ತಿದ್ದಾರೆ, ಮಕ್ಕಳಿಗೆ ಖುಷಿ, ದೊಡ್ಡವರಿಗೆ ಹೂಡಿಕೆ ಅನ್ನೋ ಧಾಟಿಯ ಬರಹ. ಖುಷಿಯ ಮಾತನ್ನು ಒಪ್ಪುತ್ತೇನೆ. ಹೂಡಿಕೆಯ ಮಾತಿಗೆ ಮಾತ್ರ ನನ್ನ ತಕರಾರಿದೆ.

ದಾವಣಗೆರೆಯಲ್ಲಿ ನಮ್ಮದು ಬೆಳ್ಳಿ ಅಂಗಡಿ. ತಾತನ ಕಾಲದಿಂದ ಇದೆ. ದೀಪ, ತಟ್ಟೆ, ಕಾಲುಂಗುರ, ಮಗುವಿನ ಉಡದಾರ, ಲಿಂಗದ ಕರಡಿಗೆ, ಇವೇ ನಮ್ಮ ಬದುಕು. ಹಳೇ ಬೆಳ್ಳಿಯನ್ನೂ ಕೊಳ್ಳುತ್ತೇವೆ. ಹಾಗಾಗಿ ಇಂಥ ಬಿಲ್ಲೆ ಕೊಂಡವರ ಮುಖ ನಿಮ್ಮ ವರದಿಗಾರರಿಗೆ ಕಾಣುತ್ತದೆ, ಮಾರಲು ಬಂದವರ ಮುಖ ನನಗೆ ಕಾಣುತ್ತದೆ. ಎರಡೂ ಒಂದೇ ಥರ ಇರುವುದಿಲ್ಲ.

ಈಚೆಗೆ ಪರಿಚಯದ ಯಜಮಾನರೊಬ್ಬರು ಬಂದಿದ್ದರು. ಮಗ ಟೆಕ್ಸಾಸ್‌ನಲ್ಲಿದ್ದಾನೆ. ಪಂಚೆಯ ಮಡಿಕೆಯಿಂದ ಕರವಸ್ತ್ರ ತೆಗೆದು ಗಾಜಿನ ಮೇಲೆ ಬಿಚ್ಚಿದರು. ಪ್ಲಾಸ್ಟಿಕ್ ಡಬ್ಬಿಯೊಳಗೆ ದೊಡ್ಡ ಬಿಲ್ಲೆ. ಅಗಲ ನಾಲ್ಕು ಸೆಂಟಿಮೀಟರ್‌ಗೆ ಚೂರು ಕಡಿಮೆ. ಒಂದು ಮುಖದಲ್ಲಿ ಬಾಯಿ ತೆರೆದ ಟಿ-ರೆಕ್ಸ್. ಚರ್ಮದ ಹುರುಪೆ ಒಂದೊಂದೂ ಬಿಡಿಬಿಡಿಯಾಗಿ ಎದ್ದಿದೆ, ಹಲ್ಲಿನ ಸಂದಿಯಲ್ಲಿ ಕಪ್ಪು ಇಳಿಸಿದ್ದಾರೆ, ಕಣ್ಣಿಗೆ ಮಾತ್ರ ಕನ್ನಡಿಯಂಥ ಪಾಲಿಶ್. ಇನ್ನೊಂದು ಮುಖದಲ್ಲಿ ಮೂರು ಬೆರಳಿನ ಹೆಜ್ಜೆ ಗುರುತು. ಸುತ್ತ ಇಂಗ್ಲಿಷಿನಲ್ಲಿ ಒಂದು ಟ್ರಾಯ್ ಔನ್ಸ್, 999 ಚೊಕ್ಕ ಬೆಳ್ಳಿ ಅಂತ ಇದೆ. ಅಂಚಿಗೆ ಸಣ್ಣ ಸಣ್ಣ ಗೀರು. ಅಚ್ಚು ಕೊರೆದವನ ಕೈಗೆ ಒಂದು ನಮಸ್ಕಾರ ಹೇಳಬೇಕು ಅನ್ನಿಸಿತು. ನಮ್ಮ ಕಡೆ ಲಕ್ಷ್ಮಿ ಬಿಲ್ಲೆ ಒತ್ತುವ ಅಚ್ಚುಗಳಲ್ಲಿ ಅಮ್ಮನವರ ಮೂಗು ಎಷ್ಟೋ ಸಲ ಸವೆದೇ ಇರುತ್ತದೆ.

"ಏನು ಬರ್ತದ ನೋಡ್ರಿ," ಅಂದರು. ನೋಡಿದೆ. ಬೆಳ್ಳಿಯ ಬೆಲೆ ಹೇಳಿದೆ. "ಚಿತ್ರಕ್ಕೆ?" ಅಂದರು. ಚಿತ್ರಕ್ಕೆ ಏನೂ ಇಲ್ಲ ಅಂದೆ. ಮಗ ಕೊಟ್ಟಿದ್ದ ರಸೀದಿ ತೋರಿಸಿದರು. ಆವತ್ತಿನ ಬೆಳ್ಳಿ ದರಕ್ಕಿಂತ ಎಷ್ಟೋ ಜಾಸ್ತಿ ತೆತ್ತಿದ್ದ. ಮಾರಿದ ಕಂಪನಿಯ ಜಾಲತಾಣದಲ್ಲಿ ವಾಪಸ್ ಕೊಳ್ಳುತ್ತೇವೆ ಅಂತ ದೊಡ್ಡ ಅಕ್ಷರದಲ್ಲಿತ್ತಂತೆ. ಎಷ್ಟಕ್ಕೆ ಅನ್ನುವುದು ಸಣ್ಣ ಅಕ್ಷರದಲ್ಲಿತ್ತು. ಯಜಮಾನರು ಬಿಲ್ಲೆಯನ್ನು ಮತ್ತೆ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಮಾರಲಿಲ್ಲ. ಒಳ್ಳೆಯದೇ ಆಯಿತು.

ಲೆಕ್ಕ ಹೇಳುತ್ತೇನೆ. ಬೆಳ್ಳಿ ದರ ದಿನಕ್ಕೊಂದು ಥರ ಕುಣಿಯುತ್ತದೆ, ಈ ಪತ್ರ ಅಚ್ಚಾಗುವಷ್ಟರಲ್ಲಿ ಎಲ್ಲಿರುತ್ತದೋ. ಅದಕ್ಕೆ ಸುಲಭವಾಗಲಿ ಅಂತ ಕೆ.ಜಿ.ಗೆ 1 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ. ಬೆಳ್ಳಿಯ ಬೆಲೆ 3,110 ರೂಪಾಯಿ ಆಯಿತು. ಚಿತ್ರದ ಬಿಲ್ಲೆಯನ್ನು 4,200ಕ್ಕೆ ಕೊಂಡಿರಿ ಅನ್ನಿ. ಇದು ಭಾರಿ ದುಬಾರಿ ಲೆಕ್ಕವೇನಲ್ಲ, ಡಬ್ಬಿ, ಪ್ರಮಾಣಪತ್ರ, 'ಇಷ್ಟೇ ಒತ್ತಿದ್ದೇವೆ' ಅನ್ನೋ ಸಂಖ್ಯೆ ಎಲ್ಲ ಇದ್ದರೆ ಇನ್ನೂ ಮೇಲೆ ಹೋಗುತ್ತದೆ. ನಮ್ಮಂಥ ಅಂಗಡಿಗೆ ತಂದರೆ ಕರಗಿಸುವ ಖರ್ಚು, ನಮ್ಮ ಲಾಭ ಕಳೆದು 3,000 ಕೊಡುತ್ತೇವೆ. 4,200 ಹಾಕಿ 3,000 ಬಂತು. ಅಸಲು ವಾಪಸ್ ಬರಬೇಕಾದರೆ ಬೆಳ್ಳಿ ಕೆ.ಜಿ.ಗೆ 1 ಲಕ್ಷ 40 ಸಾವಿರ ಆಗಬೇಕು. ಅಷ್ಟು ಏರಿದರೂ ನಿಮಗೆ ಸಿಗುವುದು ಅಸಲು ಮಾತ್ರ. ಅದೇ ದುಡ್ಡಿಗೆ ಪಕ್ಕದ ಮನೆಯವರು ಬೋಳು ಬೆಳ್ಳಿ ಗಟ್ಟಿ ಕೊಂಡಿದ್ದರೆ ಅಷ್ಟೊತ್ತಿಗೆ ಲಾಭದಲ್ಲಿರುತ್ತಾರೆ.

ಬೆಳ್ಳಿ ಏರಿದ ವರ್ಷ ಎಲ್ಲ ಬಿಲ್ಲೆಯೂ ಒಳ್ಳೆಯ ಹೂಡಿಕೆಯಂತೆಯೇ ಕಾಣುತ್ತದೆ. ಏರಿದ್ದು ಬೆಳ್ಳಿ, ಡೈನೊಸಾರ್ ಅಲ್ಲ. ಎರಡನ್ನೂ ಕಲಸಿ ಬರೆಯಬೇಡಿ ಅನ್ನುವುದಷ್ಟೇ ನನ್ನ ಮಾತು.

ಇದು ನಮ್ಮ ಅಂಗಡಿಗೂ ಅನ್ವಯಿಸುತ್ತದೆ ಅಂತ ಯಾರಾದರೂ ಕೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ವರಮಹಾಲಕ್ಷ್ಮಿಗೆ, ಅಕ್ಷಯ ತೃತೀಯಕ್ಕೆ, ದೀಪಾವಳಿಗೆ ನಾವು ಮಾರುವ 10 ಗ್ರಾಂ, 20 ಗ್ರಾಂ ಲಕ್ಷ್ಮಿ–ಗಣಪತಿ ಬಿಲ್ಲೆಗೂ ಮಜೂರಿ ಹಾಕುತ್ತೇವೆ. ವಾಪಸ್ ತಂದರೆ ತೂಕಕ್ಕೆ ಮಾತ್ರ ಕೊಡುತ್ತೇವೆ. ಅಂಗಡಿಯಲ್ಲಿ ಅದನ್ನು ನಾಣ್ಯ ಅಂತ ಕರೆಯುವುದು ರೂಢಿ, ಆದರೆ ನಾಣ್ಯ ಟಂಕಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ ಮಾತ್ರ. 2011ರ ನಾಣ್ಯ ಕಾಯ್ದೆ ಹೇಳುವುದೂ ಅದನ್ನೇ. ನಮ್ಮ ಲಕ್ಷ್ಮಿ ಬಿಲ್ಲೆ, ಅಮೆರಿಕದ ಟಿ-ರೆಕ್ಸ್ ಬಿಲ್ಲೆ ಎರಡೂ ಒಂದೇ ಜಾತಿ. ಮುಖಬೆಲೆ ಇಲ್ಲ, ಸರ್ಕಾರದ ಮಾತಿಲ್ಲ, ಖಾಸಗಿಯವರು ಒತ್ತಿದ ಬೆಳ್ಳಿ. ವ್ಯತ್ಯಾಸ ಒಂದೇ. ಲಕ್ಷ್ಮಿ ಬಿಲ್ಲೆ ಕೊಂಡವರು ಯಾರೂ ಇದು ಹತ್ತು ವರ್ಷದಲ್ಲಿ ಅಪರೂಪದ್ದಾಗಿ ಭಾರಿ ಬೆಲೆ ಬಾಳುತ್ತದೆ ಅಂತ ಅಂದುಕೊಳ್ಳುವುದಿಲ್ಲ. ಪೂಜೆಗೆ ಇಡುತ್ತಾರೆ, ಮುಗೀತು.

ಅಮೆರಿಕದಲ್ಲಿ ಈ ಬಿಲ್ಲೆಗಳು ಹುಟ್ಟಿದ್ದಕ್ಕೆ ಕಾರಣ ಇದೆ. 1965ರಲ್ಲಿ ಅಲ್ಲಿಯ ಸರ್ಕಾರ ಹತ್ತು ಸೆಂಟ್, ಇಪ್ಪತ್ತೈದು ಸೆಂಟ್ ನಾಣ್ಯಗಳಿಂದ ಬೆಳ್ಳಿಯನ್ನು ಪೂರ್ತಿ ತೆಗೆದುಬಿಟ್ಟಿತು. ಅರ್ಧ ಡಾಲರ್‌ನಲ್ಲಿ ಶೇ 40 ಉಳಿಸಿ, 1970ರ ನಂತರ ಅದನ್ನೂ ಬಿಟ್ಟರು. ಜನರ ಕೈಗೆ ಬೆಳ್ಳಿ ಸಿಗುವ ಸುಲಭದ ದಾರಿ ಮುಚ್ಚಿತು. ಆಗ ಖಾಸಗಿ ಟಂಕಸಾಲೆಗಳು ಮುಂದೆ ಬಂದವು. 1970ರ ದಶಕದಲ್ಲಿ ಚಿತ್ರ ಒತ್ತಿದ ಒಂದೊಂದು ಔನ್ಸ್ ಬೆಳ್ಳಿ ಪಟ್ಟಿಗಳು, ದುಂಡನೆ ಬಿಲ್ಲೆಗಳು ಮಾರುಕಟ್ಟೆ ತುಂಬಿದವು. ಕ್ರಿಸ್‌ಮಸ್‌ಗೊಂದು, ಮದುವೆಗೊಂದು, ರೈಲಿಗೊಂದು. ಸರ್ಕಾರ ತನ್ನದೇ ಒಂದು ಔನ್ಸ್ ಬೆಳ್ಳಿ ನಾಣ್ಯ ತಂದದ್ದು 1986ರಲ್ಲಿ. ಹದ್ದಿನ ಚಿತ್ರ, ಒಂದು ಡಾಲರ್ ಮುಖಬೆಲೆ. ಅಷ್ಟರಲ್ಲಿ ಬಿಲ್ಲೆಯ ವ್ಯಾಪಾರ ಬೇರೂರಿತ್ತು.

ಅಲ್ಲಿ ಕೊಳ್ಳುವವರಲ್ಲಿ ಎರಡು ಪಂಗಡ ಇದೆ. ಒಂದು ಪಂಗಡಕ್ಕೆ ತೂಕ ಬೇಕು. ಸ್ಟ್ಯಾಕರ್ ಅಂತ ತಮ್ಮನ್ನು ತಾವೇ ಕರೆದುಕೊಳ್ಳುತ್ತಾರೆ. ದರಕ್ಕೆ ತೀರಾ ಹತ್ತಿರದಲ್ಲಿ ಸಿಗುವ ಬೋಳು ಬಿಲ್ಲೆ ಕೊಂಡು ಉದ್ದನೆ ಪ್ಲಾಸ್ಟಿಕ್ ಕೊಳವೆಯಲ್ಲಿ ಪೇರಿಸಿ ಇಡುತ್ತಾರೆ. ಇನ್ನೊಂದು ಪಂಗಡಕ್ಕೆ ಸರಣಿ ಬೇಕು. ಟಿ-ರೆಕ್ಸ್ ಬಂತು, ಟ್ರೈಸೆರಾಟಾಪ್ಸ್ ಬಂತು, ಮುಂದಿನ ತಿಂಗಳು ಸ್ಪೈನೊಸಾರಸ್. ಒಂದು ತಪ್ಪಿದರೂ ನಿದ್ದೆ ಬರುವುದಿಲ್ಲ. ಈ ಎರಡನೇ ಪಂಗಡದವರು ಒಬ್ಬರಿಗೊಬ್ಬರು ಮಾರಿಕೊಳ್ಳುತ್ತಾರೆ. ಚಿತ್ರಕ್ಕೆ ಬೆಲೆ ಹುಟ್ಟುವುದು ಅಲ್ಲಿ, ಅವರ ನಡುವೆ ಮಾತ್ರ. ಅಂಥ ಜನ ಇಲ್ಲದ ಊರಿಗೆ ಬಿಲ್ಲೆ ಬಂದರೆ ಅದು ಬೆಳ್ಳಿ, ಅಷ್ಟೇ.

ನಮ್ಮಲ್ಲೂ ಚಿತ್ರಕ್ಕೆ ಬೆಲೆ ಹುಟ್ಟಿದ್ದಿದೆ. ವಿಕ್ಟೋರಿಯಾ ರಾಣಿಯ ರೂಪಾಯಿ ನೋಡಿ. ಒಂದು ತೊಲ ತೂಕ, ಅಂದರೆ 11.66 ಗ್ರಾಂ. ಅದರಲ್ಲಿ ಬೆಳ್ಳಿ ಶೇ 91.7ರಷ್ಟು. 1940ರಲ್ಲಿ ಬ್ರಿಟಿಷರು ಯುದ್ಧದ ನೆವ ಹೇಳಿ ಅದನ್ನು ಅರ್ಧಕ್ಕೆ ಇಳಿಸಿದರು, 1947ರ ರೂಪಾಯಿ ಬರೀ ನಿಕಲ್. ರಾಣಿ ರೂಪಾಯಿಯಲ್ಲಿ ಕೆಲವು ಇಸವಿಯದ್ದನ್ನು ಬೆಂಗಳೂರಿನ ಸಂಗ್ರಾಹಕರು ಬೆಳ್ಳಿಯ ಬೆಲೆಗಿಂತ ಜಾಸ್ತಿ ಕೊಟ್ಟು ಕೊಳ್ಳುತ್ತಾರೆ. ನಾನೇ ಎಷ್ಟೋ ಜನರಿಗೆ ಇದನ್ನು ನನಗೆ ಕೊಡಬೇಡಿ, ಅಲ್ಲಿಗೆ ಒಯ್ಯಿರಿ ಅಂದಿದ್ದೇನೆ. ಅಲ್ಲಿ ಕೊಳ್ಳುವವರು ತಲೆಮಾರುಗಳಿಂದ ಇದ್ದಾರೆ, ಇಸವಿ–ಟಂಕಸಾಲೆಯ ಪಟ್ಟಿ ಇದೆ, ಕಾಸಿನ ಸರಕ್ಕೆ ಪೋಣಿಸಿ, ಕರಗಿಸಿ ಎಷ್ಟೋ ಕಳೆದುಹೋಗಿದೆ. ನಿನ್ನೆ ಒತ್ತಿದ ಬಿಲ್ಲೆಗೆ 'ಅಪರೂಪ' ಅಂತ ಡಬ್ಬಿಯ ಮೇಲೆ ಬರೆದರೆ ಅದು ಅಪರೂಪ ಆಗುವುದಿಲ್ಲ. ಎಲ್ಲರೂ ಡಬ್ಬಿಯಲ್ಲೇ ಜೋಪಾನ ಮಾಡಿದರೆ ಅಪರೂಪ ಆಗುವುದಾದರೂ ಹೇಗೆ?

ಇನ್ನು ಅಸಲಿ–ನಕಲಿ ವಿಚಾರ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಮಂದಿ ಇಂಥ ಬಿಲ್ಲೆಯನ್ನು ನಮ್ಮಂಥ ಅಂಗಡಿಗೆ ತಂದಾಗ ಮೊದಲು ಆಗುವ ಅನಾಹುತ ಒರೆಗಲ್ಲು. ಅಂಚನ್ನು ಕಲ್ಲಿಗೆ ಉಜ್ಜಿ ಆಸಿಡ್ ಬಿಟ್ಟು ಬಣ್ಣ ನೋಡುವುದು ನಮ್ಮ ಹಳೇ ಪದ್ಧತಿ. ಕಾಲ್ಗೆಜ್ಜೆಗೆ ಸರಿ. ಸಂಗ್ರಹದ ಬಿಲ್ಲೆಗೆ ಆ ಒಂದು ಗೀರು ಬಿದ್ದರೆ ಅಮೆರಿಕದಲ್ಲೂ ಚಿತ್ರದ ಬೆಲೆ ಹೋಯಿತು. ಎಕ್ಸ್‌ರೇ ಮೆಷಿನ್‌ನಲ್ಲಿ ಇಟ್ಟರೆ ಗೀರು ಬೀಳುವುದಿಲ್ಲ, ಆದರೆ ಅದು ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ದಪ್ಪನೆ ಬೆಳ್ಳಿ ನೀರು ಕುಡಿಸಿದ ತಾಮ್ರದ ಬಿಲ್ಲೆ ಇಟ್ಟರೂ 999 ಅಂತ ತೋರಿಸಬಹುದು.

ನಾನು ಮಾಡುವುದು ನೀರಿನ ಪರೀಕ್ಷೆ. ಮೊದಲು ಬಿಲ್ಲೆಯ ಅಂಚು ಹಿಡಿದು ಡಬ್ಬಿಯಿಂದ ತೆಗೆದು ತೂಕ ನೋಡುತ್ತೇನೆ, 31.1 ಗ್ರಾಂ ಬರಬೇಕು. ಅಡುಗೆಮನೆಯ ಔನ್ಸ್ 28.35 ಗ್ರಾಂ, ಅದು ಬೇರೆ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡುತ್ತೇನೆ. ಬಿಲ್ಲೆಯನ್ನು ತೆಳು ನೂಲಿನಲ್ಲಿ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಕೈ ನಡುಗಬಾರದು. ಚೊಕ್ಕ ಬೆಳ್ಳಿಯಾದರೆ ತಕ್ಕಡಿ 2.96 ಗ್ರಾಂ ಆಸುಪಾಸು ತೋರಿಸುತ್ತದೆ. ಅಷ್ಟೇ ತೂಕದ ತಾಮ್ರವಾದರೆ 3.47ಕ್ಕೆ ಹೋಗುತ್ತದೆ. ಜರ್ಮನ್ ಸಿಲ್ವರ್ ಅಂತ ಮಾರುವ, ಬೆಳ್ಳಿಯೇ ಇಲ್ಲದ ಲೋಹ 3.6 ಹತ್ತಿರ. ಸೀಸ ಇದ್ದರೆ 2.74ಕ್ಕೆ ಇಳಿಯುತ್ತದೆ. ಕಾರಣ ಸರಳ, ತಕ್ಕಡಿ ತೋರಿಸುವುದು ಬಿಲ್ಲೆ ಸರಿಸಿದಷ್ಟು ನೀರಿನ ತೂಕವನ್ನು. ಬೆಳ್ಳಿ ಒಂದು ಘನ ಸೆಂಟಿಮೀಟರ್‌ಗೆ ಹತ್ತೂವರೆ ಗ್ರಾಂ ತೂಗುತ್ತದೆ, ತಾಮ್ರ ಒಂಬತ್ತಕ್ಕೂ ಕಡಿಮೆ. ತಾಮ್ರದಲ್ಲಿ ತೂಕ ಸರಿಮಾಡಲು ಹೋದರೆ ಬಿಲ್ಲೆ ದಪ್ಪವಾಗಿಬಿಡುತ್ತದೆ. ಈ ಪರೀಕ್ಷೆಗೆ ಬೇಕಾಗುವುದು ದಶಮಾಂಶದ ಎರಡು ಸ್ಥಾನ ತೋರಿಸುವ ಸಣ್ಣ ತಕ್ಕಡಿ, ಒಂದು ಲೋಟ, ನೂಲು. ಮನೆಯಲ್ಲೇ ಮಾಡಿಕೊಳ್ಳಬಹುದು. ನೀರಿಂದ ತೆಗೆದ ಮೇಲೆ ಒರೆಸಬೇಡಿ. ಮೆತ್ತನೆ ಹತ್ತಿ ಬಟ್ಟೆಯ ಮೇಲೆ ಇಟ್ಟು ಆರಲು ಬಿಡಿ.

ಒರೆಸುವ ಮಾತು ಬಂದದ್ದಕ್ಕೆ ಇನ್ನೊಂದು. ನಮ್ಮ ಮನೆಗಳಲ್ಲಿ ಬೆಳ್ಳಿ ಕಪ್ಪಾದರೆ ವಿಭೂತಿ ಹಾಕಿ ತಿಕ್ಕುತ್ತಾರೆ. ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕುವವರೂ ಇದ್ದಾರೆ. ದೀಪಕ್ಕೆ ಮಾಡಿ. ಈ ಬಿಲ್ಲೆಗೆ ದಯವಿಟ್ಟು ಮಾಡಬೇಡಿ. ಒಬ್ಬ ಅಜ್ಜಿ ಮೊಮ್ಮಗನ ಸ್ಟೆಗೊಸಾರಸ್ ಬಿಲ್ಲೆಯನ್ನು ಶುಕ್ರವಾರ ದೇವರ ಸಾಮಾನಿನ ಜತೆ ಸೇರಿಸಿ ಚೆನ್ನಾಗಿ ತಿಕ್ಕಿ, ಕುಂಕುಮ ಇಟ್ಟು, ಲಕ್ಷ್ಮಿ ಪಕ್ಕ ಕೂರಿಸಿದ್ದರು. ಕಪ್ಪು ಇಳಿಸಿದ್ದ ಕೆಲಸ ಎಲ್ಲ ಹೋಗಿ ಸ್ಟೆಗೊಸಾರಸ್ ಎಮ್ಮೆಯಂತೆ ಕಾಣುತ್ತಿತ್ತು. ಅಜ್ಜಿಗೆ ಏನೂ ಬೇಜಾರಿಲ್ಲ. ಹುಡುಗ ಮಾತ್ರ ಗೊಳೋ ಅಂತ ಅತ್ತನಂತೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಡಬ್ಬಿ ಬಿಗಿಯಾಗಿದ್ದರೆ ಸಾಕು. ಅಗ್ಗದ ಮೆತ್ತನೆ ಪಿವಿಸಿ ಕವರ್‌ನಲ್ಲಿ ಇಡಬೇಡಿ, ವರ್ಷ ಕಳೆದಂತೆ ಹಸಿರು ಜಿಡ್ಡು ಬಿಡುತ್ತದೆ.

ವಿದೇಶದಿಂದ ತರುವವರಿಗೂ ಒಂದು ಮಾತು ಹೇಳಬೇಕಿತ್ತು ನೀವು. ವಿಮಾನದಲ್ಲಿ ಬರುವವರಿಗೆ ಸಾಮಾನಿನ ಮೇಲೆ ಮಾಮೂಲಿ ಸುಂಕ ವಿನಾಯಿತಿ ಇರುತ್ತದಲ್ವಾ, ಆಭರಣವಲ್ಲದ ಚಿನ್ನ–ಬೆಳ್ಳಿಗೆ ಅದು ಸಿಗುವುದಿಲ್ಲ. ಟಿ-ರೆಕ್ಸ್ ಬಿಲ್ಲೆ ಆಭರಣ ಅಲ್ಲ. ಚೇನಿಗೆ ಹಾಕಿ ಕೊರಳಲ್ಲಿ ನೇತುಹಾಕಿಕೊಂಡು ಬಂದರೆ ಏನನ್ನುತ್ತಾರೋ ಅಂತ ಒಬ್ಬರು ನನ್ನನ್ನೇ ಕೇಳಿದರು. ಅದನ್ನು ಕಸ್ಟಮ್ಸ್‌ನವರನ್ನೇ ಕೇಳಿ ಸ್ವಾಮಿ. ತೆರಿಗೆಯೂ ಇದೆ. ಅಮೆರಿಕದ ತೆರಿಗೆ ಇಲಾಖೆ ಬೆಳ್ಳಿಯನ್ನು ಸಂಗ್ರಹದ ವಸ್ತುಗಳ ಸಾಲಿಗೆ ಸೇರಿಸಿದೆ. ವರ್ಷ ದಾಟಿ ಮಾರಿದ ಲಾಭಕ್ಕೆ ಷೇರಿಗಿಂತ ಹೆಚ್ಚು, ಗರಿಷ್ಠ ಶೇ 28ರವರೆಗೆ ತೆರಿಗೆ ಬೀಳುತ್ತದೆ. ನಮ್ಮಲ್ಲಿ 2024ರ ಜುಲೈ 23ರಿಂದ, ಎರಡು ವರ್ಷ ದಾಟಿದ ಬೆಳ್ಳಿಯ ಲಾಭಕ್ಕೆ ಶೇ 12.5. ಕೊಳ್ಳುವಾಗ ಕೊಟ್ಟ ಶೇ 3 ಜಿಎಸ್‌ಟಿ ಅಂತೂ ವಾಪಸ್ ಬರುವುದಿಲ್ಲ. ಇಷ್ಟೆಲ್ಲ ಕಳೆದ ಮೇಲೆ ಹೂಡಿಕೆ ಅನ್ನುವ ಶಬ್ದ ಬಳಸಬೇಕೋ ಬೇಡವೋ ನೀವೇ ನೋಡಿ.

ಹಾಗಂತ ಕೊಳ್ಳಲೇಬೇಡಿ ಅನ್ನುತ್ತಿಲ್ಲ. ಕೈಯಲ್ಲಿ ಹಿಡಿದು ಖುಷಿಪಡಲು ಇದಕ್ಕಿಂತ ಚಂದದ ವಸ್ತು ಕಡಿಮೆ. ಸಿನಿಮಾ ಟಿಕೆಟ್ ದುಡ್ಡು ವಾಪಸ್ ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಚಿತ್ರಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಖುಷಿಗೆ ಹೋಯಿತು ಅಂತ ಬರೆದುಕೊಂಡರೆ ಲೆಕ್ಕ ಚುಕ್ತಾ. ಆದರೆ ಖುಷಿಗೆ ಕೊಳ್ಳುವುದಾದರೆ ಚಿತ್ರವನ್ನು ಸ್ವಲ್ಪ ಗಮನಿಸಿ ಕೊಳ್ಳಿ. ನಮ್ಮ ಮನೆಯಲ್ಲಿ ಒಬ್ಬ ತಂಗಿಯ ಮಗ ಇದ್ದಾನೆ, ಈ ವಿಷಯದಲ್ಲಿ ಅವನು ಹಠಮಾರಿ. ಅವನ ಕಣ್ಣಿಗೆ ಬಿದ್ದರೆ ಅರ್ಧ ಬಿಲ್ಲೆಗಳು ಫೇಲ್.

ಒಂದು ಬಿಲ್ಲೆಯಲ್ಲಿ ಟಿ-ರೆಕ್ಸ್ ಮತ್ತು ಸ್ಟೆಗೊಸಾರಸ್ ಕಾದಾಡುತ್ತಿದ್ದವು. ಸ್ಟೆಗೊಸಾರಸ್ ಇದ್ದದ್ದು ಸುಮಾರು 15 ಕೋಟಿ ವರ್ಷದ ಹಿಂದೆ. ಟಿ-ರೆಕ್ಸ್ ಬಂದದ್ದು ಆರೂಮುಕ್ಕಾಲು ಕೋಟಿ ವರ್ಷದ ಹಿಂದೆ. ನಮಗೂ ಟಿ-ರೆಕ್ಸ್‌ಗೂ ಇರುವ ದೂರಕ್ಕಿಂತ ಅವೆರಡರ ನಡುವಿನ ದೂರ ಜಾಸ್ತಿ. ಇನ್ನೊಂದರಲ್ಲಿ ವೆಲೊಸಿರಾಪ್ಟರ್ ಆಳೆತ್ತರ ನಿಂತಿತ್ತು, ಮೈತುಂಬ ಹಲ್ಲಿಯ ಚರ್ಮ. ನಿಜವಾದದ್ದು ಮಂಗೋಲಿಯದಲ್ಲಿ ಸಿಕ್ಕಿದ್ದು, ಗಾತ್ರ ಒಂದು ದೊಡ್ಡ ಟರ್ಕಿ ಕೋಳಿಯಷ್ಟು. ಅದರ ಮುಂಗೈ ಮೂಳೆಯ ಮೇಲೆ ಗರಿ ನಾಟಿದ ಗುರುತುಗಳಿವೆ ಅಂತ 2007ರಲ್ಲೇ ವಿಜ್ಞಾನಿಗಳು ತೋರಿಸಿದ್ದಾರೆ. ಹಾರುವ ಟೆರನೊಡಾನ್ ಅಂತೂ ಡೈನೊಸಾರೇ ಅಲ್ಲ. ಇಷ್ಟು ದುಡ್ಡು ತೆಗೆದುಕೊಳ್ಳುವವರು ಒಬ್ಬ ತಿಳಿದವರನ್ನು ಕೇಳಿ ಅಚ್ಚು ಕೊರೆಸಬಾರದಾ?

ಕೇಳಿ ಮಾಡಿಸಿದವರೂ ಇದ್ದಾರೆ. 2020ರಲ್ಲಿ ಬ್ರಿಟನ್‌ನ ರಾಯಲ್ ಮಿಂಟ್ ಮೂರು ಡೈನೊಸಾರ್‌ಗಳ 50 ಪೆನ್ಸ್ ನಾಣ್ಯ ತಂದಿತು. ಮೆಗಲೊಸಾರಸ್, ಇಗ್ವಾನೊಡಾನ್, ಹೈಲಿಯೊಸಾರಸ್. ಬೆಳ್ಳಿಯಲ್ಲೂ ಒತ್ತಿದರು. ಈ ಮೂರನ್ನೇ ಆರಿಸಿದ್ದಕ್ಕೆ ಕಾರಣ, 1842ರಲ್ಲಿ ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಓವನ್ ಡೈನೊಸಾರ್ ಅನ್ನುವ ಗುಂಪಿಗೆ ಹೆಸರಿಟ್ಟಾಗ ಅವನ ಮುಂದೆ ಇದ್ದದ್ದು ಇವೇ ಮೂರು. ಚಿತ್ರ ಬರೆದವರು ಪಳೆಯುಳಿಕೆಗಳಿಗೆ ಜೀವ ಕೊಟ್ಟು ಬರೆಯುವುದನ್ನೇ ಕಸುಬು ಮಾಡಿಕೊಂಡ ರಾಬರ್ಟ್ ನಿಕಲ್ಸ್. ಪ್ರಾಣಿಯ ಜತೆ ಅದನ್ನು ಮೊದಲು ವಿವರಿಸಿದವರ ಹೆಸರು, ಇಸವಿ ಕೂಡ ನಾಣ್ಯದ ಮೇಲಿದೆ. ಮರುವರ್ಷ ಮೇರಿ ಆ್ಯನಿಂಗ್ ಹೆಸರಿನಲ್ಲಿ ಇನ್ನೊಂದು ಸರಣಿ ಬಂತು. ಸಮುದ್ರದ ದಂಡೆಯ ಬಂಡೆ ಒಡೆದು ಪಳೆಯುಳಿಕೆ ಹೊರತೆಗೆದ ಬಡವರ ಮನೆಯ ಹೆಣ್ಣುಮಗಳು ಆಕೆ. ಕೆನಡಾದವರದು ಇನ್ನೂ ಮಜಾ. 2012ರಲ್ಲಿ ಅವರು ಒತ್ತಿದ 25 ಸೆಂಟ್ ನಾಣ್ಯದಲ್ಲಿ ಬೆಳಕಿದ್ದಾಗ ಪ್ಯಾಕಿರೈನೊಸಾರಸ್ ಕಾಣುತ್ತದೆ, ದೀಪ ಆರಿಸಿದರೆ ಅದರ ಅಸ್ಥಿಪಂಜರ ಹೊಳೆಯುತ್ತದೆ. ಅದು ಬೆಳ್ಳಿ ಅಲ್ಲ, ತಾಮ್ರ–ನಿಕಲ್. ಆ ಪ್ರಾಣಿಗೆ ಲಕುಸ್ಟಾಯ್ ಅಂತ ಹೆಸರು ಸೇರಿಕೊಂಡದ್ದು ಅದರ ಮೂಳೆಗಳನ್ನು ಮೊದಲು ಕಂಡ ಆಲ್ಬರ್ಟಾದ ಒಬ್ಬ ಶಾಲಾ ಮೇಷ್ಟ್ರ ಹೆಸರಿನಿಂದ. ನಾಣ್ಯದ ಮೂಲಕ ಮೇಷ್ಟ್ರೂ ಅಮರ.

ಈಗ ನನ್ನ ಆಸೆ ಹೇಳುತ್ತೇನೆ. ನಮ್ಮ ಬೀರುವಿನಲ್ಲಿ ಅಮೆರಿಕದ ಮೊಂಟಾನಾದ ಟಿ-ರೆಕ್ಸ್ ಇರುವಾಗ ನಮ್ಮ ದೇಶದ ಡೈನೊಸಾರ್ ಯಾಕಿಲ್ಲ? ನಮ್ಮಲ್ಲಿ ಏನು ಕಡಿಮೆ ಇದ್ದವಾ? ಜಬಲ್ಪುರದಲ್ಲಿ ಬ್ರಿಟಿಷ್ ಅಧಿಕಾರಿ ಸ್ಲೀಮನ್‌ಗೆ ಮೂಳೆ ಸಿಕ್ಕಿದ್ದು 1828ರಲ್ಲಿ, ದಾರಿಗಳ್ಳರಾದ ಥಗ್ಗರನ್ನು ಹಿಡಿದ ಅದೇ ಸ್ಲೀಮನ್. ಓವನ್ ಹೆಸರಿಡುವ 14 ವರ್ಷ ಮೊದಲು. ಗುಜರಾತಿನ ಬಾಲಾಸಿನೋರ್ ಹತ್ತಿರ ರೈಯೋಲಿ ಅಂತ ಹಳ್ಳಿ. ಅಲ್ಲಿ ಮೊಟ್ಟೆಗಳು ರಾಶಿ ಸಿಕ್ಕಿವೆ. 1980ರ ದಶಕದಲ್ಲಿ ಭೂವಿಜ್ಞಾನ ಸರ್ವೇಕ್ಷಣಾ ಇಲಾಖೆಯವರು ಅಲ್ಲಿ ಅಗೆದು ತೆಗೆದ ಮೂಳೆಗಳನ್ನು ಜೋಡಿಸಿ ನೋಡಿ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಿಟ್ಟರು. ಮಾಂಸಾಹಾರಿ. ನೆತ್ತಿಯ ಮೇಲೆ ಒಂದು ಗಿಡ್ಡ ಕೊಂಬು. ಬಿಲ್ಲೆಯ ಮೇಲೆ ಪಕ್ಕದಿಂದ ಕೊರೆದರೆ ಆ ಕೊಂಬು ಒಂದೇ ಸಾಕು, ಯಾರೂ ಟಿ-ರೆಕ್ಸ್ ಅಂತ ತಪ್ಪು ತಿಳಿಯುವುದಿಲ್ಲ.

ಆಮೇಲೆ ಬಾರಾಪಾಸಾರಸ್ ಟಾಗೋರೈ. ಗೋದಾವರಿ ಕಣಿವೆಯದು, ಉದ್ದ ಕುತ್ತಿಗೆ, ದೊಡ್ಡ ಕಾಲು, ಸೊಪ್ಪು ತಿನ್ನುವ ಪ್ರಾಣಿ. ಅಗೆತದ ಹೊತ್ತಿಗೆ, 1961ರಲ್ಲಿ, ರವೀಂದ್ರನಾಥ ಟಾಗೋರರ ಜನ್ಮಶತಮಾನೋತ್ಸವ ನಡೆಯುತ್ತಿತ್ತು. ಹಾಗಾಗಿ ಕವಿಯ ಹೆಸರು ಅಂಟಿಕೊಂಡಿತು. ಕವಿಯ ಹೆಸರಿನ ಡೈನೊಸಾರ್ ಬೇರೆ ಯಾವ ದೇಶದಲ್ಲಿ ಎಷ್ಟಿವೆಯೋ, ನನಗಂತೂ ಇದು ಬಹಳ ಇಷ್ಟ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಅದರ ಅಸ್ಥಿಪಂಜರ ನಿಲ್ಲಿಸಿದ್ದಾರೆ. ಅದೇ ಕಣಿವೆಯ ಕೋಟಾಸಾರಸ್ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ನಮ್ಮ ಕಡೆಯವರು ಹೈದರಾಬಾದಿಗೆ ಹೋದರೆ ಚಾರ್‌ಮಿನಾರ್ ನೋಡಿ, ಬಿರಿಯಾನಿ ತಿಂದು ಬರುತ್ತಾರೆ. ಪಕ್ಕದಲ್ಲೇ ನಿಜವಾದ ಮೂಳೆ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ನಮ್ಮ ಕರ್ನಾಟಕದ ಹೆಸರು ಈ ಪಟ್ಟಿಯಲ್ಲಿಲ್ಲ ಅಂತ ತಂಗಿಯ ಮಗನಿಗೆ ಕೊರಗು. ಏನು ಮಾಡೋದು, ನಮ್ಮ ಬಂಡೆಗಳು ಬಹುಪಾಲು ಡೈನೊಸಾರ್‌ಗಿಂತ ಎಷ್ಟೋ ಹಿರಿಯವು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಅನ್ನುತ್ತಾರೆ. ಅದರಲ್ಲಿ ಮೂಳೆ ಹುಡುಕಿದರೆ ಎಲ್ಲಿಂದ ಸಿಗಬೇಕು.

ಸರ್ಕಾರಿ ಟಂಕಸಾಲೆಗಳು ನಮ್ಮಲ್ಲಿ ನಾಲ್ಕಿವೆ. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಗಣ್ಯರ ನೆನಪಿಗೆ 75 ರೂಪಾಯಿ, 100 ರೂಪಾಯಿ ಅಂತ ನಾಣ್ಯ ಒತ್ತುತ್ತಲೇ ಇರುತ್ತಾರೆ. ಹಳೇ ಮಾದರಿಯ 35 ಗ್ರಾಂ ನಾಣ್ಯದಲ್ಲಿ ಬೆಳ್ಳಿ ಅರ್ಧ ಮಾತ್ರ, ಉಳಿದದ್ದು ತಾಮ್ರ, ನಿಕಲ್, ಸತು. ಇದನ್ನು ಅಂಗಡಿಗೆ ತಂದು ಪೂರ್ತಿ ಬೆಳ್ಳಿ ಅಂತ ವಾದ ಮಾಡುವವರು ಇದ್ದಾರೆ, ಅದು ಇನ್ನೊಂದು ಕಥೆ. ಆದರೆ ಚೊಕ್ಕ ಬೆಳ್ಳಿಯಲ್ಲಿ ಕೆಲಸ ಮಾಡಲು ಅವರಿಗೆ ಬರುವುದಿಲ್ಲ ಅಂತಲ್ಲ. 2024ರಲ್ಲಿ ರಾಮಲಲ್ಲಾನ ಬಣ್ಣದ ಬೆಳ್ಳಿ ಬಿಲ್ಲೆ ತಂದರು, ಒಂಟಿ ಕೊಂಬಿನ ಖಡ್ಗಮೃಗದ್ದೂ ಬಂತು. ಖಡ್ಗಮೃಗ ಮಾಡಿದವರಿಗೆ ರಾಜಾಸಾರಸ್ ಕಷ್ಟವೇ? ಅದಕ್ಕೂ ಒಂದೇ ಕೊಂಬು.

ಮಾಡುವುದಾದರೆ ಎರಡು ಕೋರಿಕೆ. ತೂಕ 10 ಗ್ರಾಂ ಇರಲಿ. ಔನ್ಸ್ ನಮಗೆ ಬೇಡ, ಶಾಲೆ ಹುಡುಗರ ಅಪ್ಪ–ಅಮ್ಮನ ಕೈಗೆ ಎಟುಕುವ ಹಾಗಿರಲಿ. ಡಬ್ಬಿಗೆ ವೆಲ್ವೆಟ್ ಹಾಕಿ ಬೆಲೆ ಏರಿಸಬೇಡಿ. 2025ರ ಸೆಪ್ಟೆಂಬರ್‌ನಿಂದ ಬೆಳ್ಳಿಗೂ ಹಾಲ್‌ಮಾರ್ಕ್ ಜತೆ ಗುರುತಿನ ಸಂಖ್ಯೆ ಹಾಕುವ ವ್ಯವಸ್ಥೆ ಬಂದಿದೆ, ಕಡ್ಡಾಯ ಅಲ್ಲ. ಸರ್ಕಾರಿ ಬಿಲ್ಲೆ ಅಂದರೆ ನಮ್ಮಂಥ ಅಂಗಡಿಯವರು ಒರೆಗಲ್ಲು ಮುಟ್ಟದೆ ಕಣ್ಣುಮುಚ್ಚಿ ಕೊಳ್ಳುತ್ತೇವೆ, ಆ ನಂಬಿಕೆಗೂ ಒಂದು ಬೆಲೆ ಇದೆ. ಎರಡನೆಯದು, ಹಿಂಬದಿಯಲ್ಲಿ ಹಳ್ಳಿಯ ಹೆಸರು ಕನ್ನಡ, ಗುಜರಾತಿ, ತೆಲುಗು ಯಾವುದಾದರೂ ಸರಿ, ದೇಶದ ಲಿಪಿಯಲ್ಲಿ ಇರಲಿ. ರೈಯೋಲಿ, ಕೋಟಾಸಾರಸ್ ಸಿಕ್ಕ ಯಾಮನಪಲ್ಲಿ ಅಂತ ಓದಿದ ಮಗು ಭೂಪಟ ತೆಗೆದು ಹುಡುಕುತ್ತದೆ.

ನಿಮ್ಮ ಪತ್ರಿಕೆಗೂ ಒಂದು ಕೋರಿಕೆ ಇದೆ. ದಿನವೂ ಚಿನಿವಾರ ಪೇಟೆಯ ದರ ಹಾಕುತ್ತೀರಿ, ನಾವು ಅಂಗಡಿ ತೆರೆದು ಮೊದಲು ನೋಡುವುದೇ ಅದನ್ನು. ಮುಂದಿನ ಸಲ ಇಂಥ ಬಿಲ್ಲೆಗಳ ಬಗ್ಗೆ ಲೇಖನ ಬಂದರೆ ಕೊಳ್ಳುವ ಬೆಲೆಯ ಪಕ್ಕದಲ್ಲೇ, ಅದನ್ನು ಆ ದಿನ ನಮ್ಮ ರಾಜ್ಯದಲ್ಲಿ ಮಾರಿದರೆ ಎಷ್ಟು ಸಿಗುತ್ತದೆ ಅನ್ನುವುದನ್ನೂ ಹಾಕಿ. ಯಾವ ಊರಿನ ಯಾವ ಬೆಳ್ಳಿ ಅಂಗಡಿಗೆ ಫೋನ್ ಮಾಡಿದರೂ ಹೇಳುತ್ತಾರೆ.

ಇಂತಿ,
ಒಬ್ಬ ಬೆಳ್ಳಿ ವ್ಯಾಪಾರಿ
ದಾವಣಗೆರೆ